ಬೇಜಾರಿನ ಬಾಬತ್ತು

ಬ್ಯಾಂಕಿನ ನೌಕರಿ ಎಂದರೆ ವರ್ಗಾವಣೆಯ ನೌಕರಿ. ಒಂದೂರಿನ ನೀರು ಮೈಗೆ ಒಗ್ಗುವಷ್ಟರಲ್ಲಿ ಇನ್ನೊಂದೂರಿನ ಆರ್ಡರು ಕೈಗೆ ಬಂದಿರುತ್ತದೆ. ಹೊಸನಗರದ ಹಳ್ಳಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಪುತ್ತೂರು, ಚಿಂತಾಮಣಿ ಅಂತ ಸುತ್ತಿ, ಕೊನೆಗೆ ಎಲ್ಲರಂತೆ ಬೆಂಗಳೂರಿಗೆ ಬಂದು ಬಿದ್ದವನು ನಾನು. ಊರಿಂದೂರಿಗೆ ಸಾರಿನ ರುಚಿ ಬೇರೆಯಾಯಿತು, ಬೈಗುಳ ಬೇರೆಯಾಯಿತು, ಗಿರಾಕಿ ಮ್ಯಾನೇಜರನ್ನು ಕರೆಯುವ ರೀತಿ ಬೇರೆಯಾಯಿತು. ಒಂದು ಪದ ಮಾತ್ರ ಎಲ್ಲಿಗೆ ಹೋದರೂ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಅದು 'ಬೇಜಾರು'.

ಕನ್ನಡದಲ್ಲಿ ಈ ಪದಕ್ಕಿರುವಷ್ಟು ಕೆಲಸ ಇನ್ನೊಂದಕ್ಕಿಲ್ಲ ಎಂದು ನನ್ನ ಅನಿಸಿಕೆ. "ಮಳೆ ಬಿಡ್ತಾನೇ ಇಲ್ಲ, ಬೇಜಾರು" ಎಂದರೆ ಹೊತ್ತು ಹೋಗುತ್ತಿಲ್ಲ. "ದಿನಾ ಉಪ್ಪಿಟ್ಟು ತಿಂದು ಬೇಜಾರಾಗಿದೆ" ಎಂದರೆ ಸಾಕಾಗಿದೆ. "ಮದುವೆಗೆ ಸರಿಯಾಗಿ ಕರೀಲಿಲ್ಲ ಅಂತ ಅತ್ತಿಗೆಗೆ ಬೇಜಾರು" ಎಂದರೆ ಅವರ ಮನಸ್ಸು ನೊಂದಿದೆ, ಮುಂದಿನ ಹಬ್ಬದೊಳಗೆ ಹೋಗಿ ಸರಿಮಾಡಿಕೊಂಡು ಬರಬೇಕು. "ಸುದ್ದಿ ಕೇಳಿ ಬಹಳ ಬೇಜಾರಾಯ್ತು" ಎಂದರೆ ಯಾರೋ ತೀರಿಕೊಂಡಿದ್ದಾರೆ. ಇನ್ನು "ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ" ಎಂದು ಯಾರಾದರೂ ಶುರುಮಾಡಿದರೆ, ಬೇಜಾರಾಗುವ ಮಾತೇ ಬರುತ್ತಿದೆ ಎಂದು ಖಾತ್ರಿ. ಸಾಲ ಕೇಳಿ ಬಂದವರಿಗೆ ಇಲ್ಲ ಎನ್ನುವಾಗ ನಾನೂ ಆ ವಾಕ್ಯವನ್ನು ಬೇಕಾದಷ್ಟು ಬಳಸಿದ್ದೇನೆ.

ಉಪ್ಪಿಟ್ಟಿಗೂ ಸಾವಿಗೂ ಒಂದೇ ಪದ. ಆದರೂ ಕೇಳುವವರಿಗೆ ಗೊಂದಲವಾಗುವುದು ಕಡಿಮೆ. "ಅವನ ಮೇಲೆ ಬೇಜಾರು" ಎಂದರೆ ಮನುಷ್ಯರ ನಡುವಿನ ವಿಷಯ, "ಕೇಳಿ ಬೇಜಾರು" ಎಂದರೆ ದುಃಖದ ವಿಷಯ, ಹಿಂದೆ ಏನೂ ಇಲ್ಲದೆ ಬರೀ "ಬೇಜಾರು" ಎಂದರೆ ಹೊತ್ತು ಹೋಗದ ವಿಷಯ. ಹೀಗೆಂದು ಯಾವ ಮೇಷ್ಟರೂ ನಮಗೆ ಹೇಳಿಕೊಟ್ಟಿಲ್ಲ. ಇನ್ನೊಂದು ಚಂದವೆಂದರೆ, ಬೇಜಾರು ನಮಗೆ 'ಆಗುತ್ತದೆ'. ಜ್ವರ ಬಂದ ಹಾಗೆ, ನಮ್ಮ ತಪ್ಪೇನೂ ಇಲ್ಲ. ಸಮಾಧಾನ ಹೇಳುವವರು ಮಾತ್ರ ಅದನ್ನು 'ಮಾಡಿಕೊಳ್ಳಬೇಡಿ' ಎನ್ನುತ್ತಾರೆ. ನಾವೇ ಅಡುಗೆಮನೆಗೆ ಹೋಗಿ ತಯಾರಿಸಿಕೊಂಡು ಬಂದೆವೇನೋ ಎಂಬಂತೆ.

ನಮ್ಮದೇ ಆದ ಪದ 'ಬೇಸರ' ಮೊದಲಿನಿಂದಲೂ ಇದೆ. ಹಳಗನ್ನಡದ 'ಬೇಸರ್' ಎಂಬ ಧಾತುವಿನ ಮೊಮ್ಮಕ್ಕಳು ಅವು: ಬೇಸರ, ಬೇಸರಿಕೆ, 'ಬೇಸತ್ತು ಹೋದೆ' ಎನ್ನುವಾಗಿನ ಬೇಸತ್ತು. ಬೇಜಾರು ಅದರ ಒಡಹುಟ್ಟಿದ್ದಲ್ಲ, ಪಾರಸಿಯಿಂದ ಬಂದದ್ದು. ನಮ್ಮ ಬ್ಯಾಂಕಿನ ಬಾಕಿ, ವಸೂಲಿ, ಜಾಮೀನು, ದಸ್ತಾವೇಜುಗಳೆಲ್ಲ ಬಂದ ದಾರಿಯಲ್ಲೇ ಅದೂ ಬಂದಿದೆ. ಬಾಕಿ, ವಸೂಲಿಗಳು ಬಂದ ಮೇಲೆ ಬೇಜಾರು ಬಾರದೆ ಇರುತ್ತದೆಯೇ ಎಂದು ನಮ್ಮ ಶಾಖೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಉರ್ದುವಿನಲ್ಲಿ ಆ ಪದಕ್ಕೆ ಮೊನಚು ಹೆಚ್ಚು. ರೋಸಿಹೋಗಿ ಮುಖ ತಿರುಗಿಸಿದವನ ಮಾತು ಅದು. ಮರಾಠಿಯ 'ಬೇಜಾರ್' ಕಾಟ ತಾಳಲಾರದೆ ಹೈರಾಣಾದವನದು. ಕನ್ನಡಕ್ಕೆ ಬಂದು, ಕೊನೆಗೊಂದು ಉಕಾರ ಸೇರಿಸಿಕೊಂಡು, ಅದು ಮೆತ್ತಗಾಯಿತು. ದ್ವೇಷ ಕಳಚಿ ನೋವು ಉಳಿಯಿತು. ಬೇಸರ ಪುಸ್ತಕದಲ್ಲಿ ಕೂತಿತು, ಬೇಜಾರು ಜಗಲಿಯಲ್ಲಿ ಕೂತಿತು.

ಜಗಲಿ ಅಂದದ್ದು ಸುಮ್ಮನೆ ಅಲ್ಲ. ನನ್ನ ಪಾಲಿನ ಬೇಜಾರು ಮೊದಲು ಕಂಡದ್ದು ಅಲ್ಲೇ. ಹೊಸನಗರದ ಕಡೆ ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ ಹಗಲು ರಾತ್ರಿಗೆ ವ್ಯತ್ಯಾಸ ಇರುತ್ತಿರಲಿಲ್ಲ. ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ ಶಾಲೆಗೆ ತಾನಾಗಿ ರಜೆ. ಬಟ್ಟೆ ಒಣಗುವುದಿಲ್ಲ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ರೇಡಿಯೋದ ಸೆಲ್ಲು ಮುಗಿದುಹೋಗೀತೆಂದು ಅಪ್ಪ ಭದ್ರಾವತಿ ಆಕಾಶವಾಣಿಯ ವಾರ್ತೆ ಕೇಳಿ ಕೂಡಲೇ ಬಂದ್ ಮಾಡುತ್ತಿದ್ದರು. 1965ರಲ್ಲಿ ಶುರುವಾದ ಆ ನಿಲಯ ನಮ್ಮ ಮನೆಗೆ ಹೊರಗಿನ ಲೋಕದಿಂದ ಬರುತ್ತಿದ್ದ ಒಂದೇ ದನಿ. ಅದೂ ನಿಂತ ಮೇಲೆ ಹಂಚಿನ ಮೇಲೆ ಬೀಳುವ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ.

ಅಂಥ ಮಧ್ಯಾಹ್ನಗಳಲ್ಲಿ ಕೆಳಗಿನ ಮನೆ ಅಜ್ಜ ಬರುತ್ತಿದ್ದ. ಕಂಬಳಿಕೊಪ್ಪೆ ಹಾಕಿಕೊಂಡು ತೋಟದ ಬದಿಯಿಂದ ಹತ್ತಿ ಬಂದು, ಕೊಪ್ಪೆಯನ್ನು ಗೂಟಕ್ಕೆ ಸಿಕ್ಕಿಸಿ, ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ಮೊದಲ ಕೆಲಸ ಇಂಬಳ ಬಿಡಿಸುವುದು. ಎಲೆಅಡಿಕೆಯ ಹರಿವಾಣದಿಂದ ಬೆರಳ ತುದಿಗೆ ಸುಣ್ಣ ತೆಗೆದುಕೊಂಡು ಕಾಲ್ಬೆರಳ ಸಂದಿಯಲ್ಲಿ ಹತ್ತಿಕೊಂಡಿದ್ದ ಇಂಬಳಕ್ಕೆ ಮುಟ್ಟಿಸುತ್ತಿದ್ದ. ಅದು ಮುದುಡಿ ಅಂಗಳಕ್ಕೆ ಬೀಳುತ್ತಿತ್ತು. ಅದೇ ಬೆರಳನ್ನು ಪಂಚೆಗೆ ಒರೆಸಿಕೊಂಡು ಒಂದು ಕವಳ ಹಾಕಿಯೇ ಅವನು ಬಾಯಿ ಬಿಡುವುದು.

"ಬೇಜಾರಾತು ಅತ್ಗೆ, ಹಂಗೇ ಬಂದೆ."

"ಬನ್ನಿ ಬಾವ, ಕೂತ್ಕಳಿ. ಊಟ ಆತಾ?" ಅನ್ನುತ್ತಿದ್ದಳು ನನ್ನ ಅಜ್ಜಿ.

ಮುಂದೆ ಚನ್ನೆಮಣೆ ಬರುತ್ತಿತ್ತು. ಹಲಸಿನ ಮರದ್ದು, ಆಚೆ ಏಳು ಈಚೆ ಏಳು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಕಾಳು. ಕಾಳು ಎತ್ತಿ ಒಂದೊಂದೇ ಬಿಡುತ್ತ ಹೋಗುವ ಆಟ. ಅಜ್ಜಿಯ ಕೈ ಎಷ್ಟು ಪಳಗಿತ್ತೆಂದರೆ ಕಾಳು ಬೀಳುವ ಸದ್ದಿನಿಂದಲೇ ಯಾರ ಮನೆ ಬರಿದಾಯಿತೆಂದು ಹೇಳುತ್ತಿದ್ದಳು. ಸೋತವರು ಮತ್ತೊಂದು ಆಟ ಕೇಳುವುದು, ಗೆದ್ದವರು "ಹೊತ್ತಾತು" ಅನ್ನುವುದು, ಅಷ್ಟರಲ್ಲಿ ಬಚ್ಚಲ ಒಲೆಯಲ್ಲಿ ಹಾಕಿದ್ದ ಹಲಸಿನ ಬೀಜ ಸುಟ್ಟು ಬರುವುದು. ಬೇಜಾರು ಎಂದರೆ ಇದೇ ಎಂದು ನನ್ನ ತಿಳುವಳಿಕೆ: ಅದು ಬಂದರೆ ಮನೆಗೆ ಜನ ಬರುತ್ತಾರೆ, ತಿನ್ನುವುದಕ್ಕೆ ಏನಾದರೂ ಸಿಗುತ್ತದೆ.

ಒಂದು ವರ್ಷ ಆ ಅಜ್ಜನ ಹೆಂಡತಿ ತೀರಿಕೊಂಡಳು. ದಿನಗಳೆಲ್ಲ ಮುಗಿದ ಮೇಲೆ ಅವನು ಮತ್ತೆ ಬರತೊಡಗಿದ. ಆಗ ಮಳೆಗಾಲವಲ್ಲ, ಕೊಯ್ಲಿನ ಕಾಲ. ಮನೆ ತುಂಬ ಕೆಲಸ, ಅವನ ತೋಟದಲ್ಲೂ ಕೊನೆ ಇಳಿಸುತ್ತಿದ್ದರು. ಆದರೂ ಬಂದು ಅದೇ ಜಾಗದಲ್ಲಿ ಕೂತು ಅದೇ ಮಾತು: "ಬೇಜಾರಾತು ಅತ್ಗೆ, ಹಂಗೇ ಬಂದೆ." ಅಜ್ಜಿಯ ಉತ್ತರವೂ ಅದೇ. ಚನ್ನೆಮಣೆ ಮಾತ್ರ ಹೊರಗೆ ಬರಲಿಲ್ಲ. ತರಲು ಹೊರಟ ನನ್ನನ್ನು ಅಜ್ಜಿ ಕಣ್ಣಲ್ಲೇ ತಡೆದಳು. ಅವಳು ಅಡಿಕೆ ಸುಲಿಯುತ್ತ ಹೋದಳು, ಅವನೂ ಒಂದು ಮೆಟ್ಟುಗತ್ತಿ ಎಳೆದುಕೊಂಡು ಸುಲಿಯತೊಡಗಿದ. ಕತ್ತಲಾಗುವವರೆಗೆ ಇಬ್ಬರೂ ಅಡಿಕೆ ರೇಟು, ಕೊನೆಗಾರನ ಕೂಲಿ ಇಷ್ಟೇ ಮಾತಾಡಿದರು. ಸತ್ತವಳ ಹೆಸರು ಬರಲಿಲ್ಲ. "ದುಃಖ ತಡೆಯಕ್ಕೆ ಆಗ್ತಿಲ್ಲ" ಎಂದು ಹೇಳಿಕೊಂಡು ಗಂಡಸು ಇನ್ನೊಬ್ಬರ ಮನೆ ಮೆಟ್ಟಿಲು ಹತ್ತುವ ರೂಢಿ ನಮ್ಮಲ್ಲಿರಲಿಲ್ಲ. ಬೇಜಾರು ಎಂದರೆ ಯಾರ ಮನೆಗಾದರೂ ಹೋಗಬಹುದಿತ್ತು.

ಧಾರವಾಡದ ಹಾಸ್ಟೆಲಿನಲ್ಲಿ ನನ್ನ ರೂಮಿನವನು ಬಾಗಲಕೋಟೆ ಕಡೆಯವನು. ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಬಿದ್ದುಕೊಂಡು "ಹೊತ್ತ ಹೋಗವಲ್ದೋ ಮಾರಾಯಾ" ಅನ್ನುವನು. "ನಂಗೂ ಬೇಜಾರಾಗಿದೆ" ಎಂದೆ ಒಂದು ದಿನ. ಅವನು ದಡಕ್ಕನೆ ಎದ್ದು ಕೂತ. "ಯಾಕಲೇ? ಯಾರರ ಏನರ ಅಂದ್ರೇನು?" ಯಾರೂ ಏನೂ ಅಂದಿಲ್ಲ, ಸುಮ್ಮನೆ ಬೇಜಾರು ಎಂದರೆ ನಂಬಲೊಲ್ಲ. ಅವನ ಲೆಕ್ಕದಲ್ಲಿ ಹೊತ್ತು ಹೋಗದಿದ್ದರೆ ಹೊತ್ತು ಹೋಗವಲ್ದು ಅನ್ನಬೇಕು. ಬೇಜಾರು, ಬ್ಯಾಸರ ಅಂದಮೇಲೆ ಅದಕ್ಕೊಬ್ಬ ಕಾರಣಪುರುಷ ಇರಲೇಬೇಕು. ಊರಿಂದ ಪತ್ರ ಬಾರದೆ ತಿಂಗಳಾಗಿದೆ ಎಂಬುದು ನನ್ನ ಬಾಯಿಂದ ಹೊರಬಿದ್ದದ್ದು ಅವನು ಹಾಗೆ ಕೆದಕಿದ ಮೇಲೆಯೇ. "ಹಂಗ ಹೇಳು ಮತ್ತ. ನಡಿ, ಚಾ ಕುಡದು ಬರೂಣು" ಎಂದು ಎಬ್ಬಿಸಿಕೊಂಡು ಹೋದ. ಲೈನ್ ಬಜಾರಿನವರೆಗೆ ನಡೆದು, ಪೇಡೆ ಕೊಳ್ಳಲು ದುಡ್ಡಿಲ್ಲದೆ ಬರೀ ಚಹಾ ಕುಡಿದು, ಸಾಧನಕೇರಿಯ ಕೆರೆ ದಂಡೆಯಲ್ಲಿ ಕೂತು ಬಂದೆವು. ಅವನ ಕಡೆ 'ಬ್ಯಾಸರಕಿ' ಅಂತ ಇನ್ನೊಂದು ಪದವಿತ್ತು. ಮೈಯೂ ಮನಸ್ಸೂ ಎರಡೂ ಒಟ್ಟಿಗೆ ಸಾಕೆನ್ನುವಾಗ ಅದು ಬರುತ್ತಿತ್ತು. ಹೆಚ್ಚಾಗಿ ಪರೀಕ್ಷೆಯ ಹಿಂದಿನ ರಾತ್ರಿ.

ಪುತ್ತೂರಿಗೆ ಹೋದಾಗ ಮೊದಲ ವಾರವೇ ಎಡವಟ್ಟು. ಕಂತು ಕಟ್ಟಲು ತಡವಾಗಿ ಬಂದ ಗಿರಾಕಿಯೊಬ್ಬರು ನಗುತ್ತ "ಉದಾಸೀನ ಆಯ್ತು ಸರ್, ಹಾಗೆ ನಿನ್ನೆ ಬರ್ಲಿಲ್ಲ" ಎಂದರು. ಬ್ಯಾಂಕಿನ ಬಗ್ಗೆ ಇಷ್ಟು ಉದಾಸೀನವೇ ಎಂದು ನನಗೆ ಉರಿಯಿತು. ಪಕ್ಕದ ಮೇಜಿನ ಕ್ಲರ್ಕ್ ನಕ್ಕು, ಸೋಮಾರಿತನಕ್ಕೆ ಇಲ್ಲಿ ಹಾಗನ್ನುವುದು ಎಂದು ತಿಳಿಸಿದರು. ಮೈ ಭಾರವಾಗಿ ಎದ್ದು ಹೊರಡಲು ಮನಸ್ಸು ಬಾರದ ಸ್ಥಿತಿ ಅದು. ತಿರಸ್ಕಾರ ಅದರಲ್ಲಿ ಎಳ್ಳಷ್ಟೂ ಇಲ್ಲ. ಬೇಜಾರು ಮಾತ್ರ ಕರಾವಳಿಯಲ್ಲಿ ಕನ್ನಡ, ತುಳು, ಕೊಂಕಣಿ ಮೂರಕ್ಕೂ ಸೇರಿದ ಆಸ್ತಿ. ಯಾವ ಭಾಷೆಯವರಿಗೆ ಸಾಲ ಇಲ್ಲ ಎಂದರೂ ಅವರಿಗೆ ಆಗುತ್ತಿದ್ದದ್ದು ಬೇಜಾರೇ.

ಮಳೆಗಾಲದ ಬೇಜಾರನ್ನು ಕಳೆಯುವ ಕಲೆ ಅಲ್ಲಿಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಮ್ಮ ಮನೆಯಲ್ಲಿ ಯಾವಾಗ ಬೇಕಾದರೂ ಹೊರಬರುತ್ತಿದ್ದ ಚನ್ನೆಮಣೆಗೆ ತುಳುನಾಡಿನಲ್ಲಿ ಆಟಿ ತಿಂಗಳೇ ಕಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳು ದಾಟಿದರೆ ಮಣೆ ಅಟ್ಟಕ್ಕೆ ಹೋಗಬೇಕೆಂದು ಹಿರಿಯರ ಕಟ್ಟಳೆ. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಚಿಕ್ಕಮೇಳಗಳು ಮನೆಮನೆಗೆ ಬರುತ್ತವೆ, ತಾಳಮದ್ದಳೆಗಳು ಶುರುವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು ಬರೀ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುತ್ತಾರೆ. ಮಾತಿನಲ್ಲಿ ಇಂಗ್ಲಿಷ್ ನುಸುಳಬಾರದೆಂಬ ಶಿಸ್ತು ಬೇರೆ.

ಒಂದು ರಾತ್ರಿ ಕರ್ಣನ ಅರ್ಥ ಹೇಳುತ್ತಿದ್ದವರು ನಮ್ಮ ಶಾಖೆಯ ಖಾತೆದಾರರು, ನಿವೃತ್ತ ಮೇಷ್ಟರು. ಹುಟ್ಟಿನ ಗುಟ್ಟು ತಿಳಿದ ಕರ್ಣನ ಖೇದ, ವಿಷಾದ, ನಿರ್ವೇದ ಎಲ್ಲವನ್ನೂ ಒಂದೊಂದಾಗಿ ಬಿಡಿಸಿಟ್ಟು ಸಭೆಯ ಕಣ್ಣಲ್ಲಿ ನೀರು ತರಿಸಿದರು. ಚಹಾದ ಬಿಡುವಿನಲ್ಲಿ ಅದೇ ಕರ್ಣ ನನ್ನ ಹತ್ತಿರ ಬಂದು "ಎಂತ ಬೇಜಾರು ಮಾರಾಯ್ರೆ, ಮೈಕ್ ಸರಿ ಇಲ್ಲ" ಎಂದರು. ಭರತನ ನಾಟ್ಯಶಾಸ್ತ್ರದಲ್ಲಿ 33 ವ್ಯಭಿಚಾರಿ ಭಾವಗಳಿವೆ, ಮೊದಲನೆಯದೇ ನಿರ್ವೇದ, ಆಮೇಲೆ ಗ್ಲಾನಿ, ಆಲಸ್ಯ, ದೈನ್ಯ, ಚಿಂತೆ, ವಿಷಾದ ಎಂದು ಸಾಲು ಸಾಲಾಗಿ ಬರುತ್ತವೆ ಎಂದು ನನಗೆ ಹೇಳಿಕೊಟ್ಟವರು ಅವರೇ. "ಅಷ್ಟೆಲ್ಲ ಇದ್ದೂ ನೀವು ಮೈಕಿಗೆ ಬೇಜಾರು ಅಂದಿರಲ್ಲ?" ಎಂದು ಕೆಣಕಿದೆ. "ಅದೆಲ್ಲ ವೇದಿಕೆಗೆ. ಮನೆ ಖರ್ಚಿಗೆ ಬೇಜಾರು ಸಾಕು" ಎಂದರು.

ಚಿಂತಾಮಣಿಯಲ್ಲಿ ಕಂಡ ಬೇಜಾರಿಗೆ ಈ ತಮಾಷೆ ಇರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳು ಒಣಗಿದ ಮೇಲೆ ಉಳಿದದ್ದು ಕೊಳವೆಬಾವಿ. ಅಲ್ಲಿ 'ಬೋರ್ ಹೊಡಿಸೋದು' ಎಂದರೆ ಮನೆಯ ಭವಿಷ್ಯವನ್ನು ಪಣಕ್ಕಿಡುವುದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವನು ಜಾಗ ತೋರಿಸುತ್ತಾನೆ, ಪೂಜೆಯಾಗುತ್ತದೆ, ರಿಗ್ಗಿನ ಲಾರಿ ಬರುತ್ತದೆ. ಆಮೇಲೆ ಅಡಿಗೆ ಇಷ್ಟೆಂದು ಮೀಟರು ಓಡುತ್ತದೆ. ಸಾವಿರ ಅಡಿ ದಾಟಿದರೂ ಬಿಳಿ ದೂಳು ಬಿಟ್ಟು ಏನೂ ಬಾರದ ಬೋರುಗಳನ್ನು ಸಾಲದ ತಪಾಸಣೆಗೆ ಹೋದಾಗ ನಾನೇ ನೋಡಿದ್ದೇನೆ. ನೀರು ಬಾರದಿದ್ದರೂ ಸಾಲ ಸಾಲವೇ. ಬೋರ್ ಫೇಲಾಯಿತೆಂದು ಕಾಗದದಲ್ಲಿ ಒಂದು ಸಾಲು ಬರೆಯುತ್ತಿದ್ದೆವು, ಅಷ್ಟೆ.

ಹಾಗೆ ಬೋರ್ ಫೇಲಾದ ಒಬ್ಬರು ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ನಿಂತರು. ಟೊಮೆಟೊ ಬೆಳೆಯುವವರು, ಕೂರಿ ಎಂದರೂ ಕೂರಲಿಲ್ಲ. ಪಾಸ್‌ಬುಕ್ಕನ್ನು ಸುರುಳಿ ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು. "ಬೋರ್ ಹೊಡಿಸ್ದೆ ಸಾ, ದೂಳು ಬಂತು. ಬೇಜಾರಾಗೋಯ್ತು. ಎಲ್ಲಾ ಬೇಜಾರಾಗೋಯ್ತು ಸಾ." ದಿನಕ್ಕೆ ಎಷ್ಟೋ ಜನ ಬೇಜಾರು ಅನ್ನುವ ಕೌಂಟರು ಅದು. ಆದರೆ ನಮ್ಮ ದಫ್ತರಿ, ರಿಟೈರಾಗಲು ಹೆಚ್ಚು ದಿನ ಇಲ್ಲದ ಹಿರಿಯ, ಲೆಡ್ಜರು ಎತ್ತಿಡುತ್ತಿದ್ದವನು ಅಲ್ಲೇ ನಿಂತುಬಿಟ್ಟ. "ಎಲ್ಲಾ ಅಂದ್ರೆ ಏನಣ್ಣ?" ಎಂದು ಕೇಳಿದ. ಉತ್ತರ ಬರಲಿಲ್ಲ. ಹೆಗಲ ಮೇಲೆ ಕೈ ಹಾಕಿ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋದ. ಬಹಳ ಹೊತ್ತಿನ ಮೇಲೆ ಒಬ್ಬನೇ ವಾಪಸು ಬಂದು, "ಭಾಮೈದನ್ನ ಕರೆಸಿ ಜೊತೇಲಿ ಕಳಿಸ್ದೆ ಸಾ. ಒಬ್ರನ್ನೇ ಬಿಡೋ ಹಂಗಿರಲಿಲ್ಲ" ಎಂದ. ಮುಂದಿನ ವಾರ ಆ ಭಾಮೈದನೂ ಅವರೂ ಇಬ್ಬರೂ ಬಂದರು. ಕಂತುಗಳನ್ನು ಮುಂದಕ್ಕೆ ಹಾಕಿ ಕಾಗದ ಸರಿಮಾಡಿಕೊಟ್ಟೆವು.

ಪತ್ರಿಕೆಗಳಲ್ಲಿ ಒಂದು ಸಿದ್ಧ ಸಾಲು ಬರುತ್ತದೆ, ನೀವೂ ಓದಿರುತ್ತೀರಿ: ಜೀವನದಲ್ಲಿ ಜಿಗುಪ್ಸೆಗೊಂಡು. ಯಾವ ರೈತನೂ, ಯಾವ ವಿದ್ಯಾರ್ಥಿಯೂ, ಯಾವ ಗೃಹಿಣಿಯೂ "ನನಗೆ ಜಿಗುಪ್ಸೆಯಾಗಿದೆ" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಅದು ಪಂಚನಾಮೆಯ ಭಾಷೆ, ಎಲ್ಲ ಮುಗಿದ ಮೇಲೆ ಬರೆಯುವುದು. ಮುಗಿಯುವ ಮೊದಲು ಮನುಷ್ಯ ಬಾಯಿಬಿಟ್ಟು ಹೇಳುವುದು ಬೇಜಾರು ಎಂದೇ. ಉಪ್ಪಿಟ್ಟಿಗೆ ಹೇಳುವ ಪದವನ್ನೇ ಹೇಳುವುದರಿಂದ ಕೇಳಿಸಿಕೊಂಡವರು "ಎಲ್ಲಾದ್ರೂ ನಾಲ್ಕು ದಿನ ಹೋಗಿ ಬಾ" ಎಂದು ಮುಂದೆ ಹೋಗಿಬಿಡುತ್ತಾರೆ. ಈ ಪದದ ಸೌಕರ್ಯವೂ ಅದೇ, ಅಪಾಯವೂ ಅದೇ.

ಈಗ ಬೆಂಗಳೂರಿನ ಮನೆಯಲ್ಲಿ ಮೊಮ್ಮಗಳು "ತಾತ, ಬೋರ್ ಹೊಡೀತಿದೆ" ಅನ್ನುತ್ತಾಳೆ. "ಎಷ್ಟು ಅಡಿ ಆಯ್ತಮ್ಮ?" ಎಂದು ನಾನು ಕೇಳುವುದು, ಚಿಂತಾಮಣಿ ಕಾಣದ ಅವಳಿಗೆ ಅರ್ಥವಾಗದೆ ಮುಖ ನೋಡುವುದು. ಅವಳ ಕನ್ನಡದಲ್ಲಿ ಕೆಲಸ ಹಂಚಿಕೆಯಾಗಿದೆ. ಹೊತ್ತು ಹೋಗದಿದ್ದರೆ ಬೋರು, ಗೆಳತಿ ಮಾತು ಬಿಟ್ಟರೆ ಬೇಜಾರು. ಎರಡನ್ನೂ ಅವಳು ಕಲಸುವುದಿಲ್ಲ. ಬಾಗಲಕೋಟೆಯ ನನ್ನ ಗೆಳೆಯ ಇದ್ದಿದ್ದರೆ ಮೆಚ್ಚುತ್ತಿದ್ದ. ಭಾಷೆಯ ಲೆಕ್ಕದಲ್ಲಿ ಇದು ಲಾಭವೇ. ಬೇಜಾರು ಅಂದಾಗ ಉಪ್ಪಿಟ್ಟೋ ದುಃಖವೋ ಎಂದು ಊಹಿಸುವ ಶ್ರಮ ತಪ್ಪಿತು.

ಆದರೂ ನನಗೊಂದು ತಕರಾರಿದೆ. ಬೋರಾಯಿತೆಂದು ಯಾರೂ ಯಾರ ಮನೆಗೂ ಹೋಗುವುದಿಲ್ಲ. ಬೋರಿಗೆ ಮದ್ದು ಜೇಬಿನಲ್ಲೇ ಇದೆ, ಬೆರಳಲ್ಲಿ ಒರೆಸಿದರೆ ಸಾಕು. ಬೇಜಾರಿಗೆ ಇನ್ನೊಬ್ಬ ಮನುಷ್ಯ ಬೇಕಿತ್ತು. ಕೆಳಗಿನ ಮನೆ ಅಜ್ಜ ನಮ್ಮ ಜಗಲಿಗೆ ಬಂದು "ಬೋರಾಯ್ತು" ಎಂದಿದ್ದರೆ ಅಜ್ಜಿ ಚನ್ನೆಮಣೆ ತರುತ್ತಿದ್ದಳೇನೋ, ಅಡಿಕೆ ಸುಲಿಯುತ್ತ ಕತ್ತಲವರೆಗೆ ಜೊತೆ ಕೂರುತ್ತಿರಲಿಲ್ಲ. ಹೇಳಲಾಗದ್ದನ್ನು ಹೇಳಬಹುದಾದದ್ದರ ಒಳಗೆ ಬಚ್ಚಿಟ್ಟು ತರಲು ಆ ಪದದಲ್ಲಿ ಜಾಗವಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಇರುವ ಸೊಸೆ, ಪೆನ್ಷನ್ ತರಲು ಬಂದು ಎರಡು ಗಂಟೆ ಬೆಂಚಿನ ಮೇಲೆ ಕೂರುವ ಮುದುಕ, ಕೆಲಸ ಸಿಗದ ಹುಡುಗ, ಎಲ್ಲರೂ ನಾಚಿಕೆ ಬಿಟ್ಟು ಬಳಸಬಹುದಾದ ಪದ ಕನ್ನಡದಲ್ಲಿ ಇದೊಂದೇ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ, ಆಫೀಸಿನಲ್ಲಿ, ಫೋನಿನಲ್ಲಿ ಯಾರಾದರೂ ಬೇಜಾರು ಎಂದರೆ, ಟೀವಿ ಹಾಕಿಕೋ ಎನ್ನುವ ಮೊದಲು "ಯಾಕೆ?" ಎಂದು ಒಮ್ಮೆ ಕೇಳಿ. ಉಪ್ಪಿಟ್ಟಿನ ಬೇಜಾರಾಗಿದ್ದರೆ ಇಬ್ಬರೂ ನಕ್ಕು ಮುಗಿಸಬಹುದು. "ಎಲ್ಲಾ ಬೇಜಾರು" ಎಂಬ ಉತ್ತರ ಬಂದರೆ ಕೆಲಸ ಬದಿಗಿಟ್ಟು ಎದುರು ಕೂತುಕೊಳ್ಳಿ, ಒಬ್ಬರನ್ನೇ ಬಿಡಬೇಡಿ. ನಿಮ್ಮ ಕೈ ಮೀರಿದ್ದು ಅನ್ನಿಸಿದರೆ 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡಿ 'ಖಿನ್ನತೆ' ಎಂಬ ದೊಡ್ಡ ಪದ ಹುಡುಕಬೇಕಾಗಿಲ್ಲ. ಬೇಜಾರು ಎಂದು ಶುರುಮಾಡಿದರೆ ಸಾಕು.